ವೋಚರ್ ಅವಧಿ ಮುಗಿದಿದೆ, ದುಡ್ಡು ವಾಪಸ್ ಕೇಳಲು ಇನ್ನೂ ದಾರಿ ಇದೆಯಾ?

ಹಳೇ ಸೂಟ್‌ಕೇಸ್
11 ಡಿಸೆಂಬರ್ 2022

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಪ್ಲೀಸ್.

2020ರ ಜನವರಿಯಲ್ಲಿ ಅಪ್ಪ, ಅಮ್ಮ, ನಾನು ಮೂರು ಜನಕ್ಕೆ ಫ್ರಾಂಕ್‌ಫರ್ಟ್‌ಗೆ ಹೋಗಿ ಬರುವ ಟಿಕೆಟ್ ಮಾಡಿಸಿದ್ದೆ. ಅಕ್ಕ ಅಲ್ಲಿದ್ದಾಳೆ. ಯುರೋಪಿನದೇ ಒಂದು ಏರ್‌ಲೈನ್, ಹೆಸರು ಬೇಡ ಬಿಡಿ. ಟಿಕೆಟ್ ತೆಗೆದದ್ದು ಅವರ ಸೈಟಿನಲ್ಲಲ್ಲ, ಒಂದು ಟ್ರಾವೆಲ್ ಸೈಟಿನಲ್ಲಿ, ಅಲ್ಲಿ ಸ್ವಲ್ಪ ಕಮ್ಮಿಗೆ ಸಿಕ್ಕಿತ್ತು. ಏಪ್ರಿಲ್ ಕೊನೆಗೆ ಹೊರಡಬೇಕಿತ್ತು. ಮಾರ್ಚ್‌ನಲ್ಲಿ ಎಲ್ಲ ಬಂದ್ ಆಯಿತು. ವಿಮಾನ ರದ್ದಾಗಿದೆ ಎಂದು ಏರ್‌ಲೈನ್‌ನಿಂದ ಮೇಲ್ ಬಂತು. ಅದರ ಬೆನ್ನಿಗೇ ಟ್ರಾವೆಲ್ ಸೈಟಿನಿಂದ ಇನ್ನೊಂದು ಮೇಲ್: ನಿಮ್ಮ ಟಿಕೆಟ್ ಹಣವನ್ನು ವೋಚರ್ ಮಾಡಿದ್ದೇವೆ, 2021ರ ಕೊನೆಯೊಳಗೆ ಬಳಸಿಕೊಳ್ಳಿ ಅಂತ. ವೋಚರ್ ಬೇಕಾ ದುಡ್ಡು ಬೇಕಾ ಅಂತ ಯಾರೂ ಕೇಳಲಿಲ್ಲ. ನಾನು ಎಲ್ಲೂ ಒಪ್ಪಿಗೆ ಅಂತ ಒತ್ತಿಲ್ಲ, ಸಹಿಯನ್ನೂ ಹಾಕಿಲ್ಲ.

2021ರಲ್ಲಿ ಹೋಗೋಣ ಅಂದರೆ ಪ್ರವಾಸಿ ವೀಸಾ ಸಿಗಲಿಲ್ಲ. ಅವಧಿಯನ್ನು ಒಂದು ಸಲ ಮುಂದೂಡಿದರು, ಅದೂ ಈ ವರ್ಷ ಜೂನ್‌ಗೆ ಮುಗಿಯಿತು. ಈಗ ಏರ್‌ಲೈನ್‌ಗೆ ಫೋನ್ ಮಾಡಿದರೆ "ಏಜೆಂಟ್ ಮೂಲಕ ಬುಕ್ ಮಾಡಿದ್ದೀರಿ, ಅವರನ್ನೇ ಕೇಳಿ" ಅನ್ನುತ್ತಾರೆ. ಏಜೆಂಟ್‌ಗೆ ಮಾಡಿದರೆ "ಏರ್‌ಲೈನ್‌ನಿಂದ ನಮಗೇ ದುಡ್ಡು ಬಂದಿಲ್ಲ ಮೇಡಂ, ಬಂದ ತಕ್ಷಣ ಹಾಕುತ್ತೇವೆ". ಅವರ ಹೋಲ್ಡ್ ಮ್ಯೂಸಿಕ್ ನನಗೆ ಬಾಯಿಪಾಠ ಆಗಿದೆ.

ಹೋದ ತಿಂಗಳು ಅಮೆರಿಕದಲ್ಲಿ ಆರು ಏರ್‌ಲೈನ್‌ಗಳಿಂದ ಪ್ರಯಾಣಿಕರಿಗೆ 60 ಕೋಟಿ ಡಾಲರ್‌ಗೂ ಜಾಸ್ತಿ ವಾಪಸ್ ಕೊಡಿಸಿದರು ಅಂತ ಓದಿದೆ. ಅದನ್ನು ನೋಡಿ ಮತ್ತೆ ಆಸೆ ಹುಟ್ಟಿದೆ. ವೋಚರ್ ಅವಧಿ ಮುಗಿದ ಮೇಲೂ ದುಡ್ಡು ಕೇಳಬಹುದಾ? ಯಾರನ್ನು ಕೇಳಬೇಕು? ಇಷ್ಟು ತಡವಾಗಿ ಕೇಳಿದರೆ ನಡೆಯುತ್ತದಾ?


ಕಿಟಕಿ ಪಕ್ಕದ ಸೀಟು

ನನ್ನ ಕೇಳಿದರೆ ಬಿಟ್ಟುಬಿಡಿ. ಅವಧಿ ಮುಗಿದ ವೋಚರ್ ರದ್ದಿ ಕಾಗದ. ಇವರ ಹತ್ತಿರ ದುಡ್ಡು ಬಿಡಿಸುವುದು ಅಂದರೆ ಸುಮ್ನೆ ರಕ್ತದೊತ್ತಡ ಜಾಸ್ತಿ ಮಾಡಿಕೊಂಡಂತೆ.


ಮಾಜಿ ಕೌಂಟರ್

ಬಿಡಬೇಡಿ ಮೇಡಂ. ನಾನು ಹಲವು ವರ್ಷ ಟಿಕೆಟಿಂಗ್‌ನಲ್ಲಿ ಕೆಲಸ ಮಾಡಿದವನು, 2020ರ ಆ ಬೇಸಿಗೆಯಲ್ಲೂ ಅದೇ ಕುರ್ಚಿಯಲ್ಲಿ ಕೂತಿದ್ದೆ. ನಿಮ್ಮ ವಿಷಯದಲ್ಲಿ ನಿಂತು ನೋಡಬೇಕಾದ್ದು ಒಂದೇ. ವಿಮಾನ ರದ್ದು ಮಾಡಿದ್ದು ಯಾರು, ಅವರಾ ನೀವಾ? ಏರ್‌ಲೈನ್ ರದ್ದು ಮಾಡಿದ್ದರೆ ಒಂದು ಲೆಕ್ಕ, ಹೆದರಿ ನೀವೇ ಮೊದಲು ಕ್ಯಾನ್ಸಲ್ ಒತ್ತಿದ್ದರೆ ಪೂರ್ತಿ ಬೇರೆ ಲೆಕ್ಕ. ಆಗ ಎಷ್ಟೋ ಜನ ವಿಮಾನ ಹೇಗೂ ಹೋಗುವುದಿಲ್ಲ ಅಂತ ಎರಡು ದಿನ ಮೊದಲೇ ತಾವೇ ರದ್ದು ಮಾಡಿಬಿಟ್ಟರು. ಸಿಸ್ಟಂನಲ್ಲಿ ಅದು ಪ್ರಯಾಣಿಕರು ಸ್ವಂತ ಇಚ್ಛೆಯಿಂದ ರದ್ದು ಮಾಡಿದ್ದು ಅಂತ ಕೂತುಬಿಡುತ್ತದೆ, ಆಮೇಲೆ ಟಿಕೆಟಿನ ಷರತ್ತು ಏನಿದೆಯೋ ಅದೇ ಗತಿ. ಎರಡು ದಿನ ಸುಮ್ಮನಿದ್ದವರಿಗೆ ಪೂರ್ತಿ ದುಡ್ಡು ಕೇಳುವ ಹಕ್ಕು ಬಂತು. ಒಂದೇ ವಿಮಾನ, ಅಕ್ಕಪಕ್ಕದ ಸೀಟು, ಹೀಗೂ ಆಗಿದೆ.

ನೀವು ಹೇಳುವ ಪ್ರಕಾರ ಏರ್‌ಲೈನ್‌ನಿಂದ ಮೇಲ್ ಬಂದಿದೆ. ಆ ಮೇಲ್ ಇನ್ನೂ ಇದೆಯಾ? ಅದೇ ನಿಮ್ಮ ಆಸ್ತಿ. ಮೊದಲು ಅದನ್ನು ಹುಡುಕಿ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಎರಡನೆಯದು, ಈ ಇಬ್ಬರ ನಡುವಿನ ಚೆಂಡಾಟ. ಇದು ಯಾಕೆ ಹೀಗಾಗುತ್ತದೆ ಅಂತ ಒಳಗಿನ ಮಾತು ಹೇಳುತ್ತೇನೆ. ಏಜೆಂಟ್ ಟಿಕೆಟ್ ಕೊಟ್ಟ ಮೇಲೆ ದುಡ್ಡು ಅವನ ಹತ್ತಿರ ಇರುವುದಿಲ್ಲ, ಕೆಲವೇ ದಿನದಲ್ಲಿ ಸೆಟಲ್‌ಮೆಂಟ್ ಆಗಿ ಏರ್‌ಲೈನ್‌ಗೆ ಹೋಗಿರುತ್ತದೆ. ರದ್ದಾದರೆ ಏಜೆಂಟ್ ತನ್ನ ಬುಕಿಂಗ್ ಸಿಸ್ಟಂನಲ್ಲೇ ರೀಫಂಡ್ ಕಮಾಂಡ್ ಕೊಡುತ್ತಿದ್ದ, ದುಡ್ಡು ತಾನಾಗಿ ವಾಪಸ್ ಬರುತ್ತಿತ್ತು. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಬಹಳಷ್ಟು ಏರ್‌ಲೈನ್‌ಗಳು ಆ ಬಟನ್ನನ್ನೇ ಆಫ್ ಮಾಡಿದವು. ಕಮಾಂಡ್ ಹೊಡೆದರೆ ಎರರ್. ಒಂದೊಂದು ಟಿಕೆಟಿಗೂ ಬೇರೆ ಅರ್ಜಿ ಹಾಕಿ ಕಾಯಬೇಕಿತ್ತು. ಎದುರಿಗೆ ಗ್ರಾಹಕರು ಬೈಯುತ್ತಿದ್ದಾರೆ, ಆ ಕಡೆ ಏರ್‌ಲೈನ್ ಉತ್ತರ ಕೊಡುತ್ತಿಲ್ಲ. ಹಾಗಾಗಿ "ಏರ್‌ಲೈನ್‌ನಿಂದ ಬಂದಿಲ್ಲ" ಅನ್ನುವುದು ಆಗ ಬಹಳ ಸಲ ನಿಜವೇ ಆಗಿತ್ತು. ಈಗಲೂ ಅದನ್ನೇ ಹೇಳಿದರೆ ನಂಬಬೇಕಾಗಿಲ್ಲ, ಯಾಕಂದರೆ ಪರೀಕ್ಷೆ ಮಾಡುವ ದಾರಿ ಇದೆ.

ನಿಮ್ಮ ಇ-ಟಿಕೆಟ್ ತೆಗೆಯಿರಿ. ಪಿಎನ್‌ಆರ್ ಅಲ್ಲ, ಅದು ಆರು ಅಕ್ಷರದ್ದು, ಈಗ ಯಾವ ಸಿಸ್ಟಂನಲ್ಲೂ ತೋರಿಸದೇ ಇರಬಹುದು. ಪ್ರತಿಯೊಬ್ಬರ ಹೆಸರಿನ ಮುಂದೆ 13 ಅಂಕಿಯ ಟಿಕೆಟ್ ನಂಬರ್ ಇರುತ್ತದೆ, ಮೊದಲ ಮೂರು ಅಂಕಿ ಏರ್‌ಲೈನ್ ಗುರುತು. ಮೂರು ಜನಕ್ಕೆ ಮೂರು ನಂಬರ್. ಏರ್‌ಲೈನ್‌ಗೆ ಫೋನ್ ಮಾಡಿ "ನನ್ನ ರೀಫಂಡ್ ಏನಾಯಿತು" ಅಂತ ಕೇಳಬೇಡಿ. "ಈ ಟಿಕೆಟ್ ನಂಬರಿನ ಕೂಪನ್ ಸ್ಟೇಟಸ್ ಈಗ ಏನಿದೆ" ಅಂತ ಮಾತ್ರ ಕೇಳಿ. ಓಪನ್ ಅಂದರೆ ದುಡ್ಡು ಇನ್ನೂ ಏರ್‌ಲೈನ್ ಹತ್ತಿರವೇ ಕೂತಿದೆ. ರೀಫಂಡೆಡ್ ಅಂದರೆ ಏಜೆಂಟ್ ಕೈಗೆ ಹೋಗಿದೆ, ಯಾವ ತಾರೀಖು ಅಂತಲೂ ಕೇಳಿ ಬರೆದುಕೊಳ್ಳಿ. ಎಕ್ಸ್‌ಚೇಂಜ್ಡ್ ಅಂದರೆ ಟಿಕೆಟ್ ತೆಗೆದು ವೋಚರ್ ಮಾಡಿದ್ದಾರೆ, ಆ ವೋಚರ್‌ಗೂ ಒಂದು ನಂಬರ್ ಇರುತ್ತದೆ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಚೆಂಡಾಟ ಅಲ್ಲಿಗೇ ನಿಲ್ಲುತ್ತದೆ.


ಹಳೇ ಸೂಟ್‌ಕೇಸ್

ಬಹಳ ಉಪಕಾರ ಸರ್. ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಮೇಲ್ ಇದೆ, 2020ರ ಏಪ್ರಿಲ್‌ನದ್ದು, ವಿಮಾನ ರದ್ದಾಗಿದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಾವು ಯಾರೂ ಕ್ಯಾನ್ಸಲ್ ಒತ್ತಿಲ್ಲ. ನಾಳೆ ಫೋನ್ ಮಾಡಿ ಸ್ಟೇಟಸ್ ಕೇಳುತ್ತೇನೆ.

ಇ-ಟಿಕೆಟ್ ಫೋಟೋ ಇಲ್ಲಿ ಹಾಕಲಾ? ನೋಡಿ ಹೇಳುತ್ತೀರಾ?


ಮಾಜಿ ಕೌಂಟರ್

ಅಯ್ಯೋ, ದಯವಿಟ್ಟು ಬೇಡ. ಪಿಎನ್‌ಆರ್ ಮತ್ತು ಸರ್‌ನೇಮ್ ಇದ್ದರೆ ಯಾರು ಬೇಕಾದರೂ ನಿಮ್ಮ ಬುಕಿಂಗ್ ಒಳಗೆ ಹೋಗಬಹುದು. ಹಾಗೇ ಸೋಷಿಯಲ್ ಮೀಡಿಯಾದಲ್ಲಿ ದೂರು ಬರೆದ ಐದು ನಿಮಿಷಕ್ಕೇ ಏರ್‌ಲೈನ್ ಲೋಗೋ ಹಾಕಿಕೊಂಡು "ನಿಮ್ಮ ನಂಬರ್ ಕಳಿಸಿ, ರೀಫಂಡ್ ಮಾಡುತ್ತೇವೆ" ಅಂತ ಬರುವವರನ್ನೂ ನಂಬಬೇಡಿ. ರೀಫಂಡ್‌ಗೆ ಯಾರೂ ಒಟಿಪಿ ಕೇಳುವುದಿಲ್ಲ, ಆ್ಯಪ್ ಹಾಕಿಕೊಳ್ಳಿ ಅನ್ನುವುದಿಲ್ಲ.


ಷರತ್ತು ಓದುವವ

ಕಾನೂನಿನ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ನಾನು ವಕೀಲ ಅಲ್ಲ, ಆದರೆ ಇದೇ ವಿಷಯದಲ್ಲಿ ಹೋರಾಡಿ ದುಡ್ಡು ಬಿಡಿಸಿದ್ದೇನೆ, ಆ ಜಗಳದಲ್ಲಿ ನಿಯಮ ಎಲ್ಲ ಓದಬೇಕಾಯಿತು.

ನೀವು ಓದಿದ ಅಮೆರಿಕದ ಸುದ್ದಿ ನಿಮಗೆ ಅನ್ವಯ ಆಗುವುದಿಲ್ಲ. ಅಲ್ಲಿನ ಸಾರಿಗೆ ಇಲಾಖೆಯ ಅಧಿಕಾರ ಅಮೆರಿಕಕ್ಕೆ ಹೋಗುವ, ಅಲ್ಲಿಂದ ಬರುವ ಮತ್ತು ಅದರೊಳಗೆ ಹಾರುವ ವಿಮಾನಗಳ ಮೇಲೆ ಮಾತ್ರ. 2020ರ ಏಪ್ರಿಲ್ 3ರಂದೇ ಅವರು ಏರ್‌ಲೈನ್‌ಗಳಿಗೆ ನೋಟಿಸ್ ಕೊಟ್ಟಿದ್ದರು, ಕೊರೊನಾ ಕಾರಣಕ್ಕೆ ನೀವೇ ವಿಮಾನ ರದ್ದು ಮಾಡಿದರೂ ದುಡ್ಡು ವಾಪಸ್ ಕೊಡಲೇಬೇಕು ಅಂತ. ಹೋದ ತಿಂಗಳು 14ರಂದು ಬಂದದ್ದು ಅದರ ಮುಂದಿನ ಭಾಗ. ಫ್ರಾಂಟಿಯರ್ 22.2 ಕೋಟಿ ಡಾಲರ್, ಟ್ಯಾಪ್ ಪೋರ್ಚುಗಲ್ 12.65 ಕೋಟಿ, ಏರ್ ಇಂಡಿಯಾ 12.15 ಕೋಟಿ ಡಾಲರ್ ವಾಪಸ್ ಮತ್ತು ಮೇಲೆ 14 ಲಕ್ಷ ಡಾಲರ್ ದಂಡ. ಏರ್ ಇಂಡಿಯಾ ವಿಷಯ ಟಾಟಾಗೆ ಹೋಗುವುದಕ್ಕಿಂತ ಮುಂಚಿನದು. ಅದೇನೇ ಇರಲಿ, ನಿಮ್ಮ ವಿಮಾನ ಆ ಕಡೆ ಹೋಗಲೇ ಇಲ್ಲ.

ನಿಮಗೆ ಸಂಬಂಧಪಟ್ಟದ್ದು ಯುರೋಪ್ ಒಕ್ಕೂಟದ 261/2004 ನಿಯಮ. ಒಕ್ಕೂಟದ ದೇಶದಿಂದ ಹೊರಡುವ ಯಾವುದೇ ವಿಮಾನಕ್ಕೆ ಅದು ಅನ್ವಯ. ಹೊರಗಿನಿಂದ ಅಲ್ಲಿಗೆ ಹೋಗುವ ವಿಮಾನಕ್ಕೂ ಅನ್ವಯ, ಆದರೆ ಏರ್‌ಲೈನ್ ಒಕ್ಕೂಟದ್ದೇ ಆಗಿರಬೇಕು. ನಿಮ್ಮದು ಒಕ್ಕೂಟದ್ದೇ ಅಂದುಕೊಳ್ಳುತ್ತೇನೆ, ಹಾಗಾದರೆ ಹೋಗುವುದು ಬರುವುದು ಎರಡೂ ಸೇರುತ್ತದೆ. ಬ್ರಿಟನ್ ಅಥವಾ ಸ್ವಿಸ್ ಕಂಪನಿ ಆಗಿದ್ದರೆ ಹೇಳಿ, ಲೆಕ್ಕ ಸ್ವಲ್ಪ ಬೇರೆ. ಆ ನಿಯಮದ ಪ್ರಕಾರ ವಿಮಾನ ರದ್ದಾದರೆ ಏಳು ದಿನದಲ್ಲಿ ಟಿಕೆಟ್ ದುಡ್ಡು ವಾಪಸ್ ಕೊಡಬೇಕು. ವೋಚರ್ ಕೊಡಬಹುದು, ಆದರೆ ಪ್ರಯಾಣಿಕರು ಸಹಿ ಮಾಡಿ ಒಪ್ಪಿದರೆ ಮಾತ್ರ. ನಿಮ್ಮ ಕೇಸಿನ ಗಟ್ಟಿ ಜಾಗ ಇದು. ನೀವು ಒಪ್ಪಿಗೆಯನ್ನೇ ಕೊಟ್ಟಿಲ್ಲ. ಒಪ್ಪದ ವೋಚರ್‌ನ ಅವಧಿ ಮುಗಿದರೆ ನಿಮಗೇನು, ಮುಗಿಯದಿದ್ದರೆ ನಿಮಗೇನು? ವಿಮಾನ ರದ್ದಾದ ದಿನ ಹುಟ್ಟಿದ ಬಾಕಿ ಹಾಗೇ ಇದೆ. ಪತ್ರದಲ್ಲಿ ಇದನ್ನೇ ಬರೆಯಿರಿ. ವೋಚರ್ ಅವಧಿ ವಿಸ್ತರಿಸಿ ಅಂತ ಕೇಳಿ ಒಂದು ಸಾಲು ಕೂಡ ಬರೆಯಬೇಡಿ, ಬರೆದರೆ ವೋಚರನ್ನು ಒಪ್ಪಿದ್ದೀರಿ ಅಂತ ಹಿಡಿದುಕೊಳ್ಳುತ್ತಾರೆ.

ಕೊರೊನಾ ಕಾಲದಲ್ಲಿ ಈ ನಿಯಮವನ್ನೇ ಸಡಿಲ ಮಾಡಿ ಅಂತ ಏರ್‌ಲೈನ್‌ಗಳು ಬಹಳ ಒತ್ತಡ ಹಾಕಿದವು. ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಒಪ್ಪಲಿಲ್ಲ. 2020ರ ಮಾರ್ಚ್ 18ರಂದೇ ದುಡ್ಡು ಕೇಳುವ ಹಕ್ಕು ಹಾಗೇ ಇದೆ ಎಂದು ಹೇಳಿತು. ಮೇ 13ರಂದು ಹೇಳಿದ್ದೂ ಇಷ್ಟೇ, ವೋಚರ್ ಕೊಡುವುದಾದರೆ ಜನ ತಾವಾಗಿ ಆರಿಸಿಕೊಳ್ಳುವಷ್ಟು ಚೆನ್ನಾಗಿರಲಿ, ಬಲವಂತ ಬೇಡ. ಇನ್ನು ರದ್ದಾದದ್ದಕ್ಕೆ ಹೆಚ್ಚುವರಿ ಪರಿಹಾರ ಅಂತ 250ರಿಂದ 600 ಯೂರೋ ಇದೆಯಲ್ಲ, ಅದನ್ನು ಕೇಳಬೇಡಿ. ಸರ್ಕಾರಗಳೇ ಹಾರಾಟ ನಿಲ್ಲಿಸಿದಾಗ ಅದು ಅಸಾಧಾರಣ ಸಂದರ್ಭ ಆಗುತ್ತದೆ, ಪರಿಹಾರ ಸಿಗುವುದಿಲ್ಲ. ಟಿಕೆಟ್ ದುಡ್ಡಿಗೂ ಅದಕ್ಕೂ ಗಂಟು ಹಾಕಿದರೆ ಎರಡನ್ನೂ ಸೇರಿಸಿ ತಿರಸ್ಕರಿಸಿಬಿಡುತ್ತಾರೆ.

ಏಜೆಂಟ್ ಮೂಲಕ ತೆಗೆದಿದ್ದರೂ ಹೊಣೆ ವಿಮಾನ ಹಾರಿಸುವ ಏರ್‌ಲೈನ್‌ದೇ. ಏಜೆಂಟ್ ಕಮಿಷನ್ ಟಿಕೆಟ್ ಬೆಲೆಯಲ್ಲೇ ಸೇರಿದ್ದರೆ ಸಾಮಾನ್ಯವಾಗಿ ಅದನ್ನೂ ಕೊಡಬೇಕು ಎಂದು ಯುರೋಪ್ ಒಕ್ಕೂಟದ ಕೋರ್ಟ್ 2018ರಲ್ಲೇ ಹೇಳಿದೆ, ಏರ್‌ಲೈನ್‌ಗೆ ಗೊತ್ತಿಲ್ಲದೆ ಏಜೆಂಟ್ ಸೇರಿಸಿಕೊಂಡದ್ದು ಬಿಟ್ಟು.

ತಡ ಆಯಿತಾ ಅಂತ ಕೇಳಿದಿರಿ. ಎಷ್ಟು ವರ್ಷದೊಳಗೆ ಕೇಳಬೇಕು ಎನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ. ಜರ್ಮನಿಯಲ್ಲಿ ಮೂರು ವರ್ಷ, ಅದೂ ಆ ವರ್ಷದ ಕೊನೆಯ ದಿನದಿಂದ ಲೆಕ್ಕ. ಅಂದರೆ 2020ರ ಏಪ್ರಿಲ್‌ನ ಬಾಕಿಗೆ 2023ರ ಡಿಸೆಂಬರ್ 31ರವರೆಗೆ ಸಮಯ ಇದೆ. ಮೊದಲು ಏರ್‌ಲೈನ್‌ಗೆ ಲಿಖಿತವಾಗಿ ಕೇಳಿ. ಎರಡು ತಿಂಗಳು ಉತ್ತರ ಬರದಿದ್ದರೆ ಜರ್ಮನಿಯಲ್ಲಿ ಪ್ರಯಾಣಿಕರ ದೂರು ನೋಡಲು ಒಂದು ಸಂಧಾನ ಸಂಸ್ಥೆ ಇದೆ, ಪ್ರಯಾಣಿಕರಿಗೆ ಖರ್ಚಿಲ್ಲ. ನಿಮ್ಮ ಏರ್‌ಲೈನ್ ಅದರ ಸದಸ್ಯ ಹೌದಾ ಅಂತ ನೋಡಿಕೊಳ್ಳಿ. ಅಕ್ಕ ಅಲ್ಲೇ ಇದ್ದಾರಲ್ಲ, ಜರ್ಮನ್ ಪತ್ರ ಅವರಿಂದ ಬರೆಸಿ.


ಮಳೆಗಾಲ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಭಾರತದ ಒಳಗಿನ ವಿಮಾನ. 2020ರ ಫೆಬ್ರವರಿಯಲ್ಲಿ ಟಿಕೆಟ್ ತೆಗೆದೆ, ಮೇ 10ಕ್ಕೆ ಪ್ರಯಾಣ. ರದ್ದಾಯಿತು, ದುಡ್ಡಿನ ಬದಲು ಮುಂದಿನ ಟಿಕೆಟಿಗೆ ಬಳಸುವ ಜಮೆ, ಕ್ರೆಡಿಟ್ ಶೆಲ್ ಅಂತ ಕೊಟ್ಟರು, ಬಳಸಲಿಲ್ಲ. ಟಿಕೆಟ್ ಮಾಡಿಕೊಟ್ಟ ಏಜೆಂಟ್ ಅಂಗಡಿಯನ್ನೇ ಮುಚ್ಚಿ ಹೋಗಿದ್ದಾನೆ. ನನಗೂ ಯುರೋಪಿನ ಆ ನಿಯಮದಂತೆ ಏನಾದರೂ ಇದೆಯಾ?


ಷರತ್ತು ಓದುವವ

ಇದೆ, ಇನ್ನೂ ನೇರವಾಗಿದೆ. 2020ರ ಅಕ್ಟೋಬರ್ 1ರಂದು ಪ್ರವಾಸಿ ಲೀಗಲ್ ಸೆಲ್ ಎಂಬ ಸಂಸ್ಥೆ ಹಾಕಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದರಲ್ಲಿ ಟಿಕೆಟ್ ಯಾವಾಗ ತೆಗೆದದ್ದು, ಪ್ರಯಾಣ ಯಾವಾಗ ಎನ್ನುವುದರ ಮೇಲೆ ಬೇರೆ ಬೇರೆ ದಾರಿ. ಲಾಕ್‌ಡೌನ್ ನಡೆಯುವಾಗಲೇ, ಅಂದರೆ ಮಾರ್ಚ್ 25ರಿಂದ ಮೇ 24ರ ನಡುವೆ ಟಿಕೆಟ್ ತೆಗೆದು ಅದೇ ಅವಧಿಯಲ್ಲಿ ಪ್ರಯಾಣ ಇದ್ದರೆ ಪೂರ್ತಿ ದುಡ್ಡು ತಕ್ಷಣ ವಾಪಸ್, ಯಾಕಂದರೆ ಆಗ ಟಿಕೆಟ್ ಮಾರಲೇಬಾರದಿತ್ತು. ಮೇ 24ರ ನಂತರದ ಪ್ರಯಾಣಕ್ಕೆ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ಮಾಮೂಲಿ ರೀಫಂಡ್ ನಿಯಮ. ನಿಮ್ಮದು ನಡುವಿನದು, ಮೊದಲೇ ತೆಗೆದದ್ದು, ಪ್ರಯಾಣ ಲಾಕ್‌ಡೌನ್ ಒಳಗೆ. ಅಂಥವರಿಗೆ 15 ದಿನದಲ್ಲಿ ದುಡ್ಡು ಕೊಡಲು ಪ್ರಯತ್ನ ಮಾಡಬೇಕು, ಏರ್‌ಲೈನ್ ಕಷ್ಟದಲ್ಲಿದ್ದರೆ ಕ್ರೆಡಿಟ್ ಶೆಲ್ ಕೊಡಬಹುದು ಎಂದಿತು. ಆ ಶೆಲ್ 2021ರ ಮಾರ್ಚ್ 31ರವರೆಗೆ ಯಾವ ಮಾರ್ಗಕ್ಕಾದರೂ ನಡೆಯಬೇಕು, ಬೇರೆಯವರಿಗೆ ಕೊಡಲೂ ಬರಬೇಕು. ಅಷ್ಟರೊಳಗೆ ಬಳಸದಿದ್ದರೆ? ಮುಳುಗಿಹೋಗುವುದಿಲ್ಲ, ದುಡ್ಡಾಗಿ ವಾಪಸ್ ಕೊಡಬೇಕು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಇನ್ನೊಂದು, ಶೆಲ್ ಮೊತ್ತ ಸುಮ್ನೆ ಕೂತಿರುವಂತಿಲ್ಲ. ರದ್ದಾದ ದಿನದಿಂದ 2020ರ ಜೂನ್ 30ರವರೆಗೆ ತಿಂಗಳಿಗೆ ಶೇ 0.5, ಆಮೇಲೆ 2021ರ ಮಾರ್ಚ್ 31ರವರೆಗೆ ತಿಂಗಳಿಗೆ ಶೇ 0.75 ಏರಬೇಕು. ಏಪ್ರಿಲ್‌ನಲ್ಲಿ ರದ್ದಾದ 10,000 ರೂಪಾಯಿ ಟಿಕೆಟ್ ಅಂದರೆ ಮೊದಲ ಮೂರು ತಿಂಗಳಿಗೆ 150, ಮುಂದಿನ ಒಂಬತ್ತಕ್ಕೆ 675, ಒಟ್ಟು 10,825. ದೊಡ್ಡ ಮೊತ್ತ ಅಲ್ಲ, ಆದರೆ ಪತ್ರದಲ್ಲಿ ಈ ಲೆಕ್ಕ ಬರೆದರೆ ಎದುರಿನವರಿಗೆ ನೀವು ತೀರ್ಪು ಓದಿದ್ದೀರಿ ಅಂತ ಗೊತ್ತಾಗುತ್ತದೆ.

ಎಲ್ಲರೂ ಕೊಟ್ಟೇ ಇಲ್ಲ ಅಂತಲೂ ಅಲ್ಲ. ಇಂಡಿಗೋ 2021ರ ಮಾರ್ಚ್ ಕೊನೆಗೆ ಸುಮಾರು 1,030 ಕೋಟಿ ರೂಪಾಯಿ, ಅಂದರೆ ಕೊಡಬೇಕಾದದ್ದರಲ್ಲಿ ಶೇ 99.95, ವಾಪಸ್ ಮಾಡಿದ್ದೇವೆ ಎಂದು ಹೇಳಿತ್ತು. ನಿಮ್ಮ ದುಡ್ಡೂ ಏಜೆಂಟ್ ಖಾತೆಗೆ ಬಂದು ಅಲ್ಲೇ ಉಳಿದಿರಬಹುದು. ಮೇಲೆ ಹೇಳಿದ ಹಾಗೆ ಮೊದಲು ಏರ್‌ಲೈನ್ ಹತ್ತಿರ ಸ್ಟೇಟಸ್ ತಿಳಿದುಕೊಳ್ಳಿ. ಆಮೇಲೆ ವಿಮಾನಯಾನ ಸಚಿವಾಲಯದ ದೂರು ಪೋರ್ಟಲ್ ಏರ್‌ಸೇವಾದಲ್ಲಿ ದೂರು ಹಾಕಿ, 1915 ಗ್ರಾಹಕ ಸಹಾಯವಾಣಿಯಲ್ಲೂ ದಾಖಲಿಸಿ. ಎರಡಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಆನ್‌ಲೈನ್‌ನಲ್ಲಿ ಮನೆಯಿಂದಲೇ ಹಾಕಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ, ನೀವು ಇರುವ ಊರಿನಲ್ಲೇ ಹಾಕಬಹುದು. ಆಯೋಗಕ್ಕೆ ದೂರು ಹಾಕಲು ಇರುವ ಎರಡು ವರ್ಷದ ಮಿತಿ ದಾಟಿದೆ ಅಂತ ಹೆದರಬೇಡಿ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಮಿತಿಯ ಲೆಕ್ಕದಿಂದಲೇ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ.


ಮಳೆಗಾಲ

ಅಬ್ಬಾ! ನಾನು ಶೆಲ್ ಅವಧಿ ಮುಗೀತು ಅಂತ ಎಳ್ಳುನೀರು ಬಿಟ್ಟಿದ್ದೆ. ಬಹಳ ಥ್ಯಾಂಕ್ಸ್. ಸೂಟ್‌ಕೇಸ್ ಮೇಡಂ ಕೂಡ 1915ಕ್ಕೆ ಮಾಡಬಹುದಾ?


ಷರತ್ತು ಓದುವವ

ಮಾಡಬಹುದು, ಆದರೆ ಟ್ರಾವೆಲ್ ಸೈಟಿನ ಮೇಲೆ ಮಾತ್ರ ಉಪಯೋಗ ಆದೀತು. ವಿದೇಶಿ ಏರ್‌ಲೈನ್‌ಗಳ ರೀಫಂಡ್ ಅವರವರ ದೇಶದ ನಿಯಮದಂತೆ ಎಂದು ಡಿಜಿಸಿಎ ನಿಯಮದಲ್ಲೇ ಇದೆ. ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ವಿದೇಶಿ ಏರ್‌ಲೈನ್ ಬಂದಿರುವುದು ಲಾಕ್‌ಡೌನ್ ನಡೆಯುವಾಗ ಭಾರತದಿಂದ ಹೊರಡಲು ತೆಗೆದ ಟಿಕೆಟಿಗೆ. ಅವರದು ಜನವರಿಯ ಟಿಕೆಟ್.


ಬಾಲಬಡುಕ

ಎಲ್ಲರೂ ಏರ್‌ಲೈನ್ ಮೇಲೆ ಬೀಳುತ್ತಿದ್ದೀರಿ, ಸ್ವಲ್ಪ ಆ ಕಡೆಯೂ ನೋಡಿ. 2020ರ ಮಾರ್ಚ್ ಕೊನೆಯಲ್ಲಿ ಏರ್‌ಲೈನ್‌ಗಳ ಜಾಗತಿಕ ಸಂಘ ಐಎಟಿಎ ಹಾಕಿದ ಲೆಕ್ಕದಲ್ಲಿ ಪ್ರಪಂಚದ ಏರ್‌ಲೈನ್‌ಗಳು 3,500 ಕೋಟಿ ಡಾಲರ್ ಟಿಕೆಟ್ ದುಡ್ಡು ವಾಪಸ್ ಕೊಡಬೇಕಾಗಬಹುದಿತ್ತು. ಹೊಸ ಬುಕಿಂಗ್ ಇಲ್ಲ, ವಿಮಾನಗಳೆಲ್ಲ ನೆಲದ ಮೇಲೆ, ಬಾಡಿಗೆ ಮಾತ್ರ ಓಡುತ್ತಿದೆ. ಎಲ್ಲರಿಗೂ ಒಂದೇ ವಾರದಲ್ಲಿ ಕೊಟ್ಟಿದ್ದರೆ ಅರ್ಧ ಕಂಪನಿಗಳು ಇವತ್ತು ಇರುತ್ತಿರಲಿಲ್ಲ. ನಾನು ವೋಚರ್ ತೆಗೆದುಕೊಂಡೆ, ಶೇಕಡಾ ಹತ್ತು ಜಾಸ್ತಿ ಕೊಟ್ಟರು, ಆರಾಮಾಗಿ ಬಳಸಿದೆ. ಹೇಗೂ ಹಾರುವವರಿಗೆ ವೋಚರ್ ಕೆಟ್ಟದ್ದೇನಲ್ಲ.


ಮಾಜಿ ಕೌಂಟರ್

ಹೇಗೂ ಹಾರುವವರಿಗೆ ಸರಿ, ನಿಮ್ಮ ಮಾತು ಒಪ್ಪುತ್ತೇನೆ. ಕೇಳಿ ಕೊಟ್ಟರೆ ಯಾರಿಗೂ ತಕರಾರಿಲ್ಲ. ಆದರೆ ವರ್ಷಕ್ಕೊಮ್ಮೆಯೂ ವಿಮಾನ ಹತ್ತದವರಿಗೆ ಅದನ್ನೇ ಬಲವಂತವಾಗಿ ಕೊಟ್ಟರೆ ಅದು ಅವರಿಂದ ಬಡ್ಡಿಯಿಲ್ಲದೆ ಎತ್ತಿದ ಸಾಲ. ಕಂಪನಿಯೇ ಮುಳುಗಿದರೆ ವೋಚರ್ ಹಿಡಿದವರು ಸಾಲ ಕೊಟ್ಟವರ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಾರೆ. ಇಟಲಿಯ ಏರ್‌ಲೈನ್ ಅಲಿಟಾಲಿಯಾ 2021ರ ಅಕ್ಟೋಬರ್‌ನಲ್ಲಿ ನಿಂತಿತು. ಮರುದಿನವೇ ಹಾರಲು ಶುರುಮಾಡಿದ ಹೊಸ ಕಂಪನಿ ಹಳೇ ಟಿಕೆಟಿನ ಹೊಣೆ ತೆಗೆದುಕೊಳ್ಳಲಿಲ್ಲ, ಕೊನೆಗೆ ಸರ್ಕಾರವೇ 10 ಕೋಟಿ ಯೂರೋ ನಿಧಿ ಇಡಬೇಕಾಯಿತು. ಎಲ್ಲ ಕಡೆ ಹಾಗೆ ಸರ್ಕಾರ ಬರುವುದಿಲ್ಲ.

ವೋಚರ್ ತೆಗೆದುಕೊಳ್ಳುವವರು ಸಣ್ಣ ಅಕ್ಷರ ಓದಲೇಬೇಕು. ಆ ತಾರೀಖಿನೊಳಗೆ ಬುಕ್ ಮಾಡಿದರೆ ಸಾಕಾ, ಪ್ರಯಾಣವನ್ನೇ ಮುಗಿಸಬೇಕಾ? ಒಂದೇ ಸಲಕ್ಕೆ ಬಳಸಬೇಕಾ, ಉಳಿದ ದುಡ್ಡು ಉಳಿಯುತ್ತದಾ? ಬೇರೆ ಹೆಸರಿಗೆ ಆಗುತ್ತದಾ? ಕೆಲವು ವೋಚರ್ ಸೈಟಿನಲ್ಲಿ ನಡೆಯುವುದೇ ಇಲ್ಲ, ಫೋನಿನಲ್ಲಿ ಮಾತ್ರ. ಫೋನಿನಲ್ಲಿ ಹೇಳುವ ದರ ಸೈಟಿನ ದರಕ್ಕಿಂತ ಜಾಸ್ತಿ. ಆ ಶೇಕಡಾ ಹತ್ತು ಅಲ್ಲೇ ಕರಗಿಹೋಗುತ್ತದೆ.


ಲೇಟ್ ಲತೀಫ್

ನನ್ನದು ಎಲ್ಲರದ್ದಕ್ಕಿಂತ ಬೇರೆ. ವಿಮಾನ ಹಾರಿತು, ನನಗೆ ಹೋಗಲು ಬಿಡಲಿಲ್ಲ. ಆ ದೇಶ ಹೊರಗಿನವರಿಗೆ ಗಡಿ ಮುಚ್ಚಿತ್ತು. ಅದಕ್ಕೂ ಕೇಳಬಹುದಾ?


ಷರತ್ತು ಓದುವವ

ಅದು ಕಷ್ಟ. ಬ್ರಿಟನ್‌ನಲ್ಲಿ ಇದೇ ವಿಷಯಕ್ಕೆ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಬ್ರಿಟಿಷ್ ಏರ್‌ವೇಸ್ ಮತ್ತು ರಯಾನ್‌ಏರ್ ಮೇಲೆ ತನಿಖೆ ಮಾಡಿ, 2021ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಜನ ಕಾನೂನಿನ ಪ್ರಕಾರ ಪ್ರಯಾಣ ಮಾಡುವಂತಿರಲಿಲ್ಲ, ಆದರೂ ವಿಮಾನ ಹಾರಿದೆ, ಇಂಥ ಸಂದರ್ಭಕ್ಕೆ ಕಾನೂನು ಸ್ಪಷ್ಟವಾಗಿಲ್ಲ ಎಂದಿತು. ಟಿಕೆಟ್ ಬಳಸದೇ ಇದ್ದರೆ ತೆರಿಗೆ ಮತ್ತು ಏರ್‌ಪೋರ್ಟ್ ಶುಲ್ಕದ ಭಾಗವನ್ನಾದರೂ ಕೇಳಿ. ಭಾರತದ ನಿಯಮದಲ್ಲಂತೂ ರೀಫಂಡ್ ಇಲ್ಲದ ಆಫರ್ ಟಿಕೆಟಿಗೂ ಅದನ್ನು ಕೊಡಲೇಬೇಕು. ಅಗ್ಗದ ಟಿಕೆಟ್‌ಗಳಲ್ಲಿ ಕೆಲವೊಮ್ಮೆ ಮೂಲ ದರಕ್ಕಿಂತ ಇದೇ ಜಾಸ್ತಿ ಇರುತ್ತದೆ.


ಹಳೇ ಸೂಟ್‌ಕೇಸ್
19 ಡಿಸೆಂಬರ್ 2022

ಸ್ಟೇಟಸ್ ಸಿಕ್ಕಿತು! ಅಮ್ಮನದು ಮತ್ತು ನನ್ನದು ಓಪನ್. ಅಂದರೆ ವೋಚರ್ ಅಂತ ಮೇಲ್ ಕಳಿಸಿದ್ದಾರೆ ಅಷ್ಟೇ, ಏರ್‌ಲೈನ್ ಸಿಸ್ಟಂನಲ್ಲಿ ವೋಚರ್ರೇ ಆಗಿಲ್ಲ. ಅಪ್ಪನದು ಮಾತ್ರ 2020ರ ಸೆಪ್ಟೆಂಬರ್‌ನಲ್ಲೇ ರೀಫಂಡೆಡ್ ಅಂತೆ! ಟ್ರಾವೆಲ್ ಸೈಟಿನವರಿಗೆ ಆ ತಾರೀಖು ಹೇಳಿದ ಮೇಲೆ ಧ್ವನಿಯೇ ಬದಲಾಯಿತು. "ಹೌದು ಮೇಡಂ, ನಾವು ಆಗಲೇ ನಿಮ್ಮ ಕಾರ್ಡಿಗೆ ಹಾಕಿದ್ದೇವೆ" ಅಂದರು. ಆದರೆ ಆ ಕ್ರೆಡಿಟ್ ಕಾರ್ಡನ್ನು ನಾನು 2020ರ ಮಧ್ಯದಲ್ಲೇ ಮುಚ್ಚಿಸಿದ್ದೆ. ಇನ್ನು ಆ ದುಡ್ಡು ಎಲ್ಲಿಗೆ ಹೋಯಿತು ಅಂತ ಹುಡುಕುವುದು?

ಏರ್‌ಲೈನ್‌ಗೆ ಷರತ್ತು ಸರ್ ಹೇಳಿದ ಹಾಗೆ ಪತ್ರ ಹೋಗಿದೆ. ಅಕ್ಕನೇ ಬರೆದಳು, ನನಗಿಂತ ಜಾಸ್ತಿ ಸಿಟ್ಟು ಅವಳಿಗಿದೆ.


ಮಾಜಿ ಕೌಂಟರ್

ಮುಚ್ಚಿದ ಕಾರ್ಡಿಗೆ ಬಂದ ರೀಫಂಡ್ ಬ್ಯಾಂಕಿನಲ್ಲೇ ನಿಂತಿರುತ್ತದೆ, ಇಲ್ಲ ಬಂದ ದಾರಿಯಲ್ಲೇ ವಾಪಸ್ ಹೋಗಿರುತ್ತದೆ. ಟ್ರಾವೆಲ್ ಸೈಟಿನವರಿಂದ ಎಆರ್‌ಎನ್ ನಂಬರ್ ಕೇಳಿ, ಕಾರ್ಡಿಗೆ ಹಾಕಿದ ದುಡ್ಡನ್ನು ಬ್ಯಾಂಕ್ ಪತ್ತೆ ಮಾಡುವ ಗುರುತು ಅದು, 23 ಅಂಕಿ ಇರುತ್ತದೆ. "ಹಾಕಿದ್ದೇವೆ" ಅಂದವರು ನಿಜವಾಗಿ ಹಾಕಿದ್ದರೆ ಅದನ್ನು ಕೊಡಲೇಬೇಕು, ಕೊಡಲು ತಡಕಾಡಿದರೆ ಹಾಕಿಲ್ಲ ಅಂತಲೇ ಅರ್ಥ. ಅದು ಸಿಕ್ಕರೆ ಬ್ಯಾಂಕಿನ ಕಾರ್ಡ್ ವಿಭಾಗಕ್ಕೆ ಮೇಲ್ ಮಾಡಿ: ಹಳೇ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮುಚ್ಚಿಸಿದ ತಾರೀಖು, ಎಆರ್‌ಎನ್, ಈಗಿನ ಖಾತೆಯ ಕ್ಯಾನ್ಸಲ್ ಮಾಡಿದ ಚೆಕ್. ಕಾಲ್ ಸೆಂಟರ್‌ಗೆ ಎಆರ್‌ಎನ್ ಅಂದರೆ ಗೊತ್ತಾಗದೇ ಇರಬಹುದು, ಮೇಲ್‌ನಲ್ಲೇ ಕೇಳಿ. ಬ್ಯಾಂಕ್ 30 ದಿನ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ಹಾಕಬಹುದು.

ಉಳಿದ ಎರಡು ಟಿಕೆಟಿಗೆ ಹಳೇ ಕಾರ್ಡಿಗೆ ಬೇಡ, ಈ ಖಾತೆಗೆ ಹಾಕಿ ಅಂತ ಏರ್‌ಲೈನ್‌ಗೆ ಈಗಲೇ ಇನ್ನೊಂದು ಮೇಲ್ ಹಾಕಿಬಿಡಿ.